ಹಕ್ಕಿ ಕೆರೆ ಪಕ್ಕದ ಹೊಲ ಕೈ ಬಿಡುತ್ತಾ? ಸತ್ಯಾಂಶ

"ಅಂಕಸಮುದ್ರ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿದೆ, ಸುತ್ತಲಿನ ಹೊಲ ಇನ್ನು ಸರ್ಕಾರದ್ದು, ಪಿಎಂ ಕಿಸಾನ್ ಹಣವೂ ಬಂದ್" ಅಂತ ಬಳ್ಳಾರಿ ಕಡೆ ಮೆಸೇಜ್ ಓಡಾಡುತ್ತಿದೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್ಸಾರ್‌ಗೆ ಕೆರೆ ಸೇರಿದ್ದು ನಿಜ, ಉಳಿದದ್ದು ಸುಳ್ಳು.

ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿರುವ ಈ ಕೆರೆ 2017ರಲ್ಲೇ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, ರಾಮ್ಸಾರ್ ಪಟ್ಟಿ ಸೇರಿದ್ದು 2024ರಲ್ಲಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇಂಥ ಮೀಸಲು ಘೋಷಿಸುವುದು ಸರ್ಕಾರಿ ಜಾಗದಲ್ಲಿ ಮಾತ್ರ, ಅದೂ ಊರಿನವರ ಜೊತೆ ಮಾತಾಡಿ. ನಿಮ್ಮ ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ.

ಹಾಗಂತ ನಿರ್ಬಂಧವೇ ಇಲ್ಲ ಅಂತಲ್ಲ. ಕೆರೆ ಒತ್ತುವರಿ ಮಾಡುವಂತಿಲ್ಲ, ಕಸ ಸುರಿಯುವಂತಿಲ್ಲ. ನೀರಲ್ಲಿ ನಿಂತ ಜಾಲಿ ಮರದಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗೆ ಅಷ್ಟಾದರೂ ಬೇಕಲ್ವಾ?

ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೂ ಹಕ್ಕಿಗೂ ಸಂಬಂಧವಿಲ್ಲ. ಕಂತು ನಿಂತಿದ್ದರೆ ಇ-ಕೆವೈಸಿ, ಆಧಾರ್ ಜೋಡಣೆ ಸರಿಯಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.