ಟಿಸಿ ಕೊಟ್ಟರೆ ಹುಡುಗ ಎಲ್ಲಿಗೆ ಹೋಗಬೇಕು?

ಶಾಲೆಯಲ್ಲಿ ಬ್ಯಾಗ್ ತಪಾಸಣೆ ಮಾಡಿ, ಗುಟ್ಕಾ, ಗಾಂಜಾ ಸಿಕ್ಕ ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದರೆ ಉಳಿದ ಮಕ್ಕಳು ಹೆದರುತ್ತಾರೆ ಎಂದು ಒಂದು ಲೇಖನದಲ್ಲಿ ಓದಿದೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ಒಂದು ಹೈಸ್ಕೂಲು ಬಿಟ್ಟರೆ ಇನ್ನೊಂದು ಎಷ್ಟು ದೂರ ಅಂತ ಇಲ್ಲಿಯವರಿಗೆ ಗೊತ್ತಲ್ವಾ? ಟಿಸಿ ಪಡೆದ ಹುಡುಗ ಬೇರೆ ಶಾಲೆ ಸೇರುವುದು ಅಪರೂಪ. ತೋಟದ ಕೆಲಸಕ್ಕೋ ಬೆಂಗಳೂರಿನ ಹೋಟೆಲಿಗೋ ಹೋಗುತ್ತಾನೆ. ಅಲ್ಲಿ ಚಟ ಬಿಡಿಸುವವರು ಯಾರು?

ನಾನು ಹೈಸ್ಕೂಲ್ ಟೀಚರ್. ನನ್ನ ತರಗತಿಯಲ್ಲಿ ಚಟಕ್ಕೆ ಬಿದ್ದವರಲ್ಲಿ ಜಾಸ್ತಿ ಜನ ಮೊದಲೇ ಮಂಕಾಗಿದ್ದ ಮಕ್ಕಳು. ಮನೆಯಲ್ಲಿ ಅಪ್ಪನ ಕುಡಿತ, ರಾತ್ರಿಯೆಲ್ಲ ಜಗಳ, ನಿದ್ದೆಯಿಲ್ಲ. ಹಿಂದಿನ ಬೆಂಚಿನಲ್ಲಿ ತೂಕಡಿಸಿದರೆ ಬೈಗುಳ. ಏನಾಯ್ತು ಮಗಾ ಎಂದು ಕೇಳಿದವರಿಲ್ಲ. ವಿಷಯ ಗೊತ್ತಾದ ಮೇಲೂ ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ.

ಹೆದರಿಸಲೇಬೇಕು ಅಂದರೆ ಮಾರುವವರನ್ನು ಹೆದರಿಸಿ. ಮಕ್ಕಳಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟರೆ 7 ವರ್ಷದವರೆಗೆ ಜೈಲು ಎಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಹೇಳುತ್ತದೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತೆಯೇ ಇಲ್ಲ. ಆದರೂ ಗೇಟಿನ ಎದುರು ಪೊಟ್ಟಣಗಳ ಮಾಲೆ ನೇತಾಡುತ್ತಿರುತ್ತದೆ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಬ್ಯಾಗ್ ತಪಾಸಣೆಗೆ ಇರುವ ಉತ್ಸಾಹವನ್ನು ಮುಂದಿನ ಪೋಷಕರ ಸಭೆಯಲ್ಲಿ ಇದನ್ನು ತಿಳಿಸೋಕೆ ತೋರಿಸಿ.