ಸ್ಟಿಕರ್ ಮೇಲಿನ 60ಸಿ

ಡ್ರೋನ್‌ಗೆ ಹಾಕುವ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರಲ್ಲ ‘ಸಿ’ ನಂಬರ್, ಅಂದರೆ ಕೆಪಾಸಿಟಿಯ ಎಷ್ಟು ಪಟ್ಟು ಕರೆಂಟ್ ಎಳೆಯಬಹುದು ಅನ್ನುವ ಲೆಕ್ಕ, ಅದನ್ನು ನೋಡಿ ದುಡ್ಡು ಕೊಡುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಅಳೆದು ನೋಡಿದ ಮೇಲೆ ಬಂದ ಬುದ್ಧಿ ಇದು.

ನನ್ನ ಹತ್ತಿರ ಮೂರು ಸೆಲ್ಲಿನ 2200 ಎಂಎಎಚ್ (ಮಿಲಿಆಂಪಿಯರ್-ಅವರ್), ಅಂದರೆ 2.2 ಆಂಪಿಯರ್-ಅವರ್ ಕೆಪಾಸಿಟಿಯ ಪ್ಯಾಕ್ ಒಂದಿದೆ. ಮೇಲೆ 60ಸಿ ಅಂತ ಬರೆದಿದೆ. ಲೆಕ್ಕ ಸುಲಭ, 2.2 ಗುಣಿಸು 60, ಅಂದರೆ 132 ಆಂಪಿಯರ್. ಅಷ್ಟು ಎಳೆದರೆ ಪ್ಯಾಕ್ ಒಂದೇ ನಿಮಿಷದಲ್ಲಿ ಖಾಲಿ. ಆದರೆ ಅದಕ್ಕೆ ಹಾಕಿರುವ ಹಳದಿ ಎಕ್ಸ್‌ಟಿ60 ಕನೆಕ್ಟರ್ ನೋಡಿ, ಅದು 60 ಆಂಪಿಯರ್‌ಗೆ ಮಾಡಿದ್ದು! ಪ್ಯಾಕ್ ಮಾಡಿದವರಿಗೇ ಆ 132ರ ಮೇಲೆ ನಂಬಿಕೆ ಇದ್ದ ಹಾಗಿಲ್ಲ.

ಸುಮ್ನೆ ಬೈಯುವುದು ಬೇಡ ಅಂತ ಅಳೆಯಲು ಕೂತೆ. ಲೋಡ್‌ಗೆ ಕಾರಿನ ಹೆಡ್‌ಲೈಟ್ ಬಲ್ಬು, 55 ವಾಟಿನವು ನಾಲ್ಕು. ಎಷ್ಟು ಆಂಪಿಯರ್ ಹೋಗುತ್ತಿದೆ ಅಂತ ನೋಡಲು ಡಿಸಿ ಕ್ಲ್ಯಾಂಪ್ ಮೀಟರ್. ವೋಲ್ಟೇಜನ್ನು ಮಾತ್ರ ದಪ್ಪ ವೈರಿನಲ್ಲಿ ನೋಡಬೇಡಿ, ವೈರು ಮತ್ತು ಕನೆಕ್ಟರ್ ನುಂಗುವ ವೋಲ್ಟೇಜೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಪ್ರತಿ ಸೆಲ್ಲಿನಿಂದಲೂ ಹೊರಬರುವ ತೆಳ್ಳನೆ ಬ್ಯಾಲೆನ್ಸ್ ವೈರಿನಲ್ಲಿ ಒಂದೊಂದೇ ಸೆಲ್ ನೋಡಬೇಕು. ಒಂದು ಬಲ್ಬು ಉರಿದಾಗ 4.5 ಆಂಪಿಯರ್, ಮೊದಲ ಸೆಲ್ 4.10 ವೋಲ್ಟ್. ನಾಲ್ಕೂ ಉರಿದಾಗ 17.5 ಆಂಪಿಯರ್, ಅದೇ ಸೆಲ್ 3.97. ಅಂದರೆ 13 ಆಂಪಿಯರ್ ಜಾಸ್ತಿ ಎಳೆದಿದ್ದಕ್ಕೆ 0.13 ವೋಲ್ಟ್ ಕುಸಿತ, ಒಳಗಿನ ರೆಸಿಸ್ಟೆನ್ಸ್ 10 ಮಿಲಿಓಮ್. ಎರಡನೆಯದೂ ಅಷ್ಟೇ. ಮೂರನೆಯದು 13 ಮಿಲಿಓಮ್.

ಒಟ್ಟು 33 ಮಿಲಿಓಮ್. ಈಗ 132 ಆಂಪಿಯರ್ ಎಳೆದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಪೂರ್ತಿ ಚಾರ್ಜ್ ಆದ ಪ್ಯಾಕೇ ಮೊದಲ ಕ್ಷಣದಲ್ಲಿ ಸೆಲ್ಲಿಗೆ 2.75 ವೋಲ್ಟಿನ ಆಸುಪಾಸಿಗೆ ಬಿದ್ದುಹೋಗುತ್ತದೆ. ಒಳಗೆ ಹುಟ್ಟುವ ಶಾಖ ಸುಮಾರು 575 ವಾಟ್. ಅಂಗೈಯಗಲದ, 180 ಗ್ರಾಂ ತೂಗುವ ಪೊಟ್ಟಣದಲ್ಲಿ! ಹದಿನೈದು ಸೆಕೆಂಡಿನೊಳಗೆ 60 ಡಿಗ್ರಿ ದಾಟುತ್ತದೆ, ಆಮೇಲೆ ಅದು ಉಬ್ಬುವುದನ್ನು ನೋಡುತ್ತಾ ಕೂರಬೇಕು. ನನ್ನ ಪ್ರಕಾರ ಈ ಪ್ಯಾಕಿಗೆ 40 ಆಂಪಿಯರ್ ಸಾಕು. ಅಂದರೆ 18ಸಿ.

‘ನನ್ನ ಡ್ರೋನ್ ಚೆನ್ನಾಗೇ ಹಾರುತ್ತಲ್ಲ’ ಅನ್ನುವವರು ಇದ್ದಾರೆ. ಹಾರುತ್ತದೆ, ಯಾಕಂದರೆ ಅದು ಅಷ್ಟು ಕರೆಂಟ್ ಕೇಳುವುದೇ ಇಲ್ಲ. ಇನ್ನು ಕೆಲವರು ‘ಅದು ಬರ್ಸ್ಟ್ ರೇಟಿಂಗ್’ ಅನ್ನುತ್ತಾರೆ, ಅಂದರೆ ಕೆಲವೇ ಸೆಕೆಂಡು ಎಳೆಯಬಹುದಾದ ಕರೆಂಟ್. ಎಷ್ಟು ಸೆಕೆಂಡಿನ ಬರ್ಸ್ಟ್, ಸ್ವಾಮಿ? ಎರಡೋ, ಹತ್ತೋ? ಯಾವ ಉಷ್ಣತೆಯಲ್ಲಿ? ಎಲ್ಲರೂ ಒಪ್ಪಿದ ಅಳತೆಯೇ ಇಲ್ಲದಿದ್ದಾಗ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು, ಅಲ್ವಾ?

ನನ್ನ ಹಟ ಇಷ್ಟೇ. ಸಿ ನಂಬರ್ ತೆಗೆದುಹಾಕಿ, 25 ಡಿಗ್ರಿಯಲ್ಲಿ ಒಂದೊಂದು ಸೆಲ್ಲಿನ ರೆಸಿಸ್ಟೆನ್ಸ್ ಎಷ್ಟು ಅಂತ ಅಚ್ಚು ಹಾಕಿ. ಉಷ್ಣತೆ ಹೇಳಲೇಬೇಕು, ಪ್ಯಾಕ್ ಬೆಚ್ಚಗಾದರೆ ರೆಸಿಸ್ಟೆನ್ಸ್ ಇಳಿದು ಕಳಪೆ ಮಾಲೂ ಚೆನ್ನಾಗಿ ಕಾಣುತ್ತದೆ. ಅಲ್ಲಿಯವರೆಗೆ ನಾನು ಮೊದಲು ನೋಡುವುದು ತೂಕ, ಜಾಸ್ತಿ ಕರೆಂಟ್ ಕೊಡಲು ಒಳಗೆ ಜಾಸ್ತಿ ಲೋಹ ಬೇಕಲ್ಲ. ಒಂದೇ ಕೆಪಾಸಿಟಿಯ ಎರಡು ಪ್ಯಾಕಿನಲ್ಲಿ ಹಗುರವಾದದ್ದರ ಮೇಲೆ ಜಾಸ್ತಿ ಸಿ ಬರೆದಿದ್ದರೆ ನನಗೆ ಅನುಮಾನ ಶುರು.

ನೀವೂ ಅಳೆಯುವುದಾದರೆ ಮನೆಯ ಹೊರಗೆ ಅಳೆಯಿರಿ, ಬಿಟ್ಟು ಎದ್ದು ಹೋಗಬೇಡಿ. ಬಲ್ಬಿನ ಗಾಜು ಮುಟ್ಟಬೇಡಿ, ನನ್ನ ಹೆಬ್ಬೆರಳಿನ ಬೊಬ್ಬೆ ಇನ್ನೂ ಒಣಗಿಲ್ಲ.