ಬೆಳಗ್ಗೆ ಬಡವ, ಮಧ್ಯಾಹ್ನ ಸಾಹುಕಾರ

ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದರೆ, ಅಪ್ಪನಾದವನು ಈಗಲೇ ಎರಡು ಫೈಲ್ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು. ಒಂದರ ಮೇಲೆ ‘ಬಡವ’ ಎಂದು ಬರೆಯಿರಿ. ಇನ್ನೊಂದರ ಮೇಲೆ ‘ಸಾಹುಕಾರ’ ಎಂದು ಬರೆಯಿರಿ. ಎರಡಕ್ಕೂ ನಿಮ್ಮದೇ ಪಾಸ್‌ಪೋರ್ಟ್ ಸೈಜ್ ಫೋಟೊ ಅಂಟಿಸಿ. ಮೊದಲನೆಯದು ಸ್ಕಾಲರ್‌ಶಿಪ್‌ಗೆ, ಎರಡನೆಯದು ಬ್ಯಾಂಕ್ ಸಾಲಕ್ಕೆ. ಮಗಳು ಎಂಜಿನಿಯರಿಂಗ್ ಓದುತ್ತಾಳೋ ಇಲ್ಲವೋ ಆಮೇಲಿನ ಮಾತು. ಸದ್ಯಕ್ಕೆ ಈ ಎರಡು ಫೈಲ್ ಒಂದರ ಮುಖ ಒಂದು ನೋಡದಂತೆ ಕಾಯಬೇಕು, ಅಷ್ಟೇ.

ಬೆಳಗ್ಗೆ ಹಳೇ ಅಂಗಿ ಹಾಕಿಕೊಂಡು ನಾಡಕಚೇರಿಗೆ ಹೋಗಿ. ಆದಾಯ ಪ್ರಮಾಣಪತ್ರ ಬೇಕು. ರೈತನ ಆದಾಯ ಎಷ್ಟು ಎಂದು ದೇವರಿಗೂ ಗೊತ್ತಿಲ್ಲ. ಟೊಮೆಟೊಗೆ ರೇಟು ಸಿಕ್ಕ ವರ್ಷ ಒಂದು ಲೆಕ್ಕ, ರಸ್ತೆಗೆ ಸುರಿದು ಬಂದ ವರ್ಷ ಇನ್ನೊಂದು ಲೆಕ್ಕ. ಆದರೆ ಕಂಪ್ಯೂಟರ್‌ಗೆ ಒಂದೇ ಸಂಖ್ಯೆ ಬೇಕು.

“ಯಜಮಾನ್ರೇ, ಆದಾಯ ಎಷ್ಟು ಅಂತ ಬರೀಲಿ?”

“ಎಷ್ಟಿದ್ರೆ ಒಳ್ಳೇದು ಸಾರ್?”

“ಯಾವ ಸ್ಕೀಮಿಗೆ ಬೇಕು, ಅದನ್ನ ಹೇಳಿ.”

ಇದು ತಮಾಷೆಯಲ್ಲ, ಸರಿಯಾದ ಪ್ರಶ್ನೆಯೇ. ನಮ್ಮಲ್ಲಿ ಬಡತನಕ್ಕೂ ಕಟಾಫ್ ಇದೆ. ಪರಿಶಿಷ್ಟರ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ವರ್ಷಕ್ಕೆ 2.5 ಲಕ್ಷದೊಳಗಿದ್ದರೆ ಬಡವ. ಶಿಕ್ಷಣ ಸಾಲದ ಕಂತು ಶುರುವಾಗುವವರೆಗಿನ ಪೂರ್ತಿ ಬಡ್ಡಿಯನ್ನು ಸರ್ಕಾರ ಹೊರಬೇಕಾದರೆ 4.5 ಲಕ್ಷದವರೆಗೂ ಬಡವ. ಎಂಜಿನಿಯರಿಂಗ್‌ನ ಸೂಪರ್ ನ್ಯೂಮರರಿ (ಹೆಚ್ಚುವರಿ) ಸೀಟಿನಲ್ಲಿ ಬೋಧನಾ ಶುಲ್ಕ ಮಾಫಿಯಾಗಬೇಕಾದರೆ 8 ಲಕ್ಷದವರೆಗೂ ಬಡವ! ಅಂದರೆ ತಿಂಗಳಿಗೆ 66 ಸಾವಿರ ಎಣಿಸುವವನು ಒಂದು ಕಿಟಕಿಯಲ್ಲಿ ಕಡುಬಡವ, ಪಕ್ಕದ ಕಿಟಕಿಯಲ್ಲಿ ಜಮೀನ್ದಾರ. ಅದೇ ಮನುಷ್ಯ, ಅದೇ ಅಂಗಿ.

ಪ್ರಮಾಣಪತ್ರ ಬಂತು, ಅದರ ಮೇಲೆ ಆರ್‌ಡಿ ನಂಬರ್ ಎಂಬ ಗುರುತಿನ ಸಂಖ್ಯೆಯೂ ಬಂತು. ಈಗ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಅಲ್ಲಿ ನೀವು ಬಡವರು ಎಂದು ಒಪ್ಪುತ್ತಾರೆ, ಆದರೆ ನೀವು ನೀವೇ ಎಂದು ಒಪ್ಪುವುದಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಗಳ ಇನಿಶಿಯಲ್ ಹೆಸರಿನ ಹಿಂದಿದೆ, ಆಧಾರ್‌ನಲ್ಲಿ ಮುಂದಿದೆ. ಇಬ್ಬರು ಬೇರೆ ಬೇರೆ ಹುಡುಗಿಯರು ಎಂದು ಪೋರ್ಟಲ್ ತೀರ್ಮಾನಿಸುತ್ತದೆ. ಸೈಬರ್ ಸೆಂಟರ್‌ನ ಹುಡುಗ ನಿಟ್ಟುಸಿರು ಬಿಟ್ಟು “ಅಣ್ಣಾ, ಸರ್ವರ್ ಬೇರೆ ಡೌನು” ಎನ್ನುತ್ತಾನೆ. ಆ ಹುಡುಗನೂ ಡಿಗ್ರಿ ಮುಗಿಸಿದವನೇ. ಅವನ ಸ್ಕಾಲರ್‌ಶಿಪ್ ಬಂತಾ ಎಂದು ಮಾತ್ರ ಕೇಳಬೇಡಿ, ಪಾಪ.

ಊಟ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಳ್ಳಿ. ಮಧ್ಯಾಹ್ನ ಬ್ಯಾಂಕು.

ಸ್ಕಾಲರ್‌ಶಿಪ್ ಬರುವುದು ಅದು ಬಂದಾಗ. ಕಾಲೇಜಿನ ಫೀಸು ಕಟ್ಟುವುದು ಇದೇ ವಾರ. ಹಾಗಾಗಿ ಸಾಲ. ಬೆಳಗ್ಗೆ ‘ನನ್ನ ಹತ್ತಿರ ಏನೂ ಇಲ್ಲ’ ಎಂದು ಸಹಿ ಹಾಕಿದ ಕೈಯಲ್ಲೇ ಈಗ ‘ನನ್ನ ಹತ್ತಿರ ಬೇಕಾದಷ್ಟಿದೆ’ ಎಂದು ಸಹಿ ಹಾಕಬೇಕು. 7.5 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ ಎಂಬ ನಿಯಮವೇನೋ ಇದೆ. ಮ್ಯಾನೇಜರ್ ಸಾಹೇಬರು ಅದನ್ನು ಓದಿಲ್ಲ ಎಂದಲ್ಲ. ಓದಿದ್ದಾರೆ, ನಿಮ್ಮನ್ನೂ ಒಮ್ಮೆ ಓದಿನೋಡುತ್ತಾರೆ.

“ಐಟಿ ರಿಟರ್ನ್ಸ್ ಇದೆಯಾ?”

“ನಾವು ಬೇಸಾಯಗಾರರು ಸಾರ್.”

“ಸಿಬಿಲ್ ಸ್ಕೋರ್? ಹಿಂದೆ ಸಾಲ ತೀರಿಸಿದ ದಾಖಲೆ?”

“ಇದುವರೆಗೂ ಯಾರ ಹತ್ರಾನೂ ಒಂದು ರೂಪಾಯಿ ಸಾಲ ಮಾಡಿಲ್ಲ ಸಾರ್.”

“ಅಯ್ಯೋ, ಅದೇ ಅಲ್ವಾ ಪ್ರಾಬ್ಲಮ್ಮು! ಸೈಟು ಗೀಟು?”

“ಎರಡು ಎಕರೆ ಹೊಲ ಇದೆ. ಪಹಣಿ ಇನ್ನೂ ನಮ್ಮ ತಾತನ ಹೆಸರಲ್ಲಿದೆ.”

“ತಾತ ಬಂದು ಸೈನ್ ಮಾಡ್ತಾರಾ?”

ತಾತ ತೀರಿಕೊಂಡು ಬಹಳ ಕಾಲವಾಗಿದೆ. ಆದರೂ ಸರ್ಕಾರಿ ದಾಖಲೆಯಲ್ಲಿ ಈ ಮನೆಯ ಒಬ್ಬನೇ ಆಸ್ತಿವಂತ ಅವನು.

ಇಷ್ಟರಲ್ಲಿ ಯಾರೋ ‘ಪಿಎಂ ವಿದ್ಯಾಲಕ್ಷ್ಮಿ ಇದೆಯಲ್ಲ’ ಎನ್ನುತ್ತಾರೆ. ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಶಿಕ್ಷಣ ಸಾಲದ ಯೋಜನೆ. ಆಸ್ತಿ ಬೇಡ, ಜಾಮೀನುದಾರ ಬೇಡ. ಒಳ್ಳೆಯ ಯೋಜನೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡೀ ದೇಶಕ್ಕೆ ಸೇರಿ 860 ಕಾಲೇಜುಗಳು ಎಂದು ಹೇಳಿದ್ದರು. ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಕಾಲೇಜಿನಲ್ಲಿ ಸೀಟು ಸಿಕ್ಕವರಿಗೆ ಸಾಲ ಸಲೀಸು. ನಿಮ್ಮ ಮಗಳಿಗೆ ಸಿಕ್ಕಿದ್ದು ಬೈಪಾಸ್ ಪಕ್ಕದ ಕಾಲೇಜು. ಅದರ ರ‍್ಯಾಂಕು ಅದರ ಬಸ್ಸಿನ ಹಿಂದೆ ಬರೆದದ್ದು ಬಿಟ್ಟರೆ ಬೇರೆಲ್ಲೂ ಇಲ್ಲ. ಮತ್ತೆ ಅದೇ ಮ್ಯಾನೇಜರ್, ಅದೇ ತಾತ.

ಇನ್ನು ಮ್ಯಾನೇಜ್‌ಮೆಂಟ್ ಸೀಟಿನ ವಿಷಯ. ಡೊನೇಷನ್ ಎಂಬ ಪದ ಎತ್ತಬೇಡಿ, ಕರ್ನಾಟಕದಲ್ಲಿ ಅದು ಇಲ್ಲವೇ ಇಲ್ಲ. 1984ರಲ್ಲೇ ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಕೀಳುವ ಹೆಚ್ಚುವರಿ ಹಣ, ನಿಷೇಧಿಸಿ ಕಾಯ್ದೆ ಮಾಡಿಯಾಗಿದೆ. 1992ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೋಹಿನಿ ಜೈನ್ ಪ್ರಕರಣ ನಮ್ಮ ರಾಜ್ಯದ ಸೀಟಿನದೇ. ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಹೊರ ರಾಜ್ಯದವರಿಗೆ 60,000 ರೂಪಾಯಿ! ಕೋರ್ಟು ಕೆಂಡವಾಯಿತು, ಇದು ಕ್ಯಾಪಿಟೇಷನ್ನೇ ಎಂದಿತು. ಆ 60,000 ಈಗ ಕೇಳಿದರೆ ಎಷ್ಟು ಮುದ್ದಾಗಿದೆ ನೋಡಿ. ನಿಷೇಧವಾಗಿ ನಾಲ್ಕು ದಶಕವಾದ ವಸ್ತುವಿಗೆ ರಸೀದಿ ಕೊಡಲು ಬರುವುದಿಲ್ಲ. ರಸೀದಿ ಇಲ್ಲದ್ದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ಹಾಗಾಗಿ ಇಲ್ಲದ ಡೊನೇಷನ್ನಿಗೆ ಇರುವ ಒಡವೆ ಮಾರಬೇಕು. ಅಮ್ಮನ ಬಳೆಗೆ ಮಾತ್ರ ಯಾವ ಫೈಲೂ ಬೇಡ.

ಓದಿನ ಬಗ್ಗೆ ಏನೂ ಹೇಳಲಿಲ್ಲ ಎಂದು ಮಗಳು ಮುನಿಸಿಕೊಂಡಾಳು. ಓದು ಸುಲಭ. ಬೆಳಗ್ಗೆ ಕಾಲೇಜು, ಸಂಜೆ ಕೋಚಿಂಗು. ಕೋಚಿಂಗ್ ಬಿಲ್ಲಿನ ಮೇಲೆ ಸರ್ಕಾರಕ್ಕೆ ಶೇ 18 ಜಿಎಸ್‌ಟಿ. ಆ ರಸೀದಿ ಜೋಪಾನ, ಅದು ‘ಸಾಹುಕಾರ’ ಫೈಲಿಗೆ ಸೇರಿದ್ದು. ತಪ್ಪಿ ನಾಡಕಚೇರಿಯಲ್ಲಿ ಜಾರಿ ಬಿದ್ದರೆ ಕೆಲಸ ಕೆಟ್ಟಿತು. ಹಾಗೇ ಸಿಲೆಬಸ್ ನೆಚ್ಚಿಕೊಂಡು ಕೂರಬೇಡಿ. 2024ರ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಎಷ್ಟು ಬಂದವೆಂದರೆ, ನಾಲ್ಕು ವಿಷಯಗಳ 240ರಲ್ಲಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪಠ್ಯ ಓದಿದವರು ಅವನ್ನು ನೋಡಿ ಬೆವರಿದರು. ಪಠ್ಯದಾಚೆಗೂ ಓದಿ ಉತ್ತರ ಬರೆದವರು, ಕೈಬಿಟ್ಟ ಮೇಲೆ ಬೆವರಿದರು. ಸಮಾನತೆ ಎಂದರೆ ಇದೇ ಅಲ್ವಾ!

ಈ ವ್ಯವಸ್ಥೆಯಲ್ಲಿ ಒಂದಕ್ಕೊಂದು ತಾಳಮೇಳವೇ ಇಲ್ಲ ಎಂದು ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ. ಅಲ್ಲಿಯವರೆಗೆ ನೀವು ಬಡವರಾಗಿರುತ್ತೀರಿ ಎಂದು ತಹಶೀಲ್ದಾರರೇ ಭರವಸೆ ಕೊಟ್ಟಿದ್ದಾರೆ. ಎಂಜಿನಿಯರಿಂಗ್ 4 ವರ್ಷ. ಓದು ಮುಗಿದ ಮೇಲೆ ಸಾಲ ತೀರಿಸಲು ಶುರುಮಾಡುವ ಮುಂಚೆ ಬ್ಯಾಂಕು ಕೊಡುವ ಬಿಡುವು ಇನ್ನೊಂದು ವರ್ಷ. ಒಟ್ಟು 5. ನಿಮ್ಮ ಬಡತನದ ಅವಧಿ ಮುಗಿಯುವುದಕ್ಕೂ ಮೊದಲ ಕಂತು ಶುರುವಾಗುವುದಕ್ಕೂ ಸರಿಹೋಗುತ್ತದೆ. ಆಗ ಮತ್ತೆ ಹಳೇ ಅಂಗಿ ಹಾಕಿಕೊಂಡು ನಾಡಕಚೇರಿಗೆ ಹೋಗಬೇಡಿ. “ಮಗಳು ಎಂಜಿನಿಯರ್ ಅಂತೆ, ನಿಮಗೇನು ಕಮ್ಮಿ ಯಜಮಾನ್ರೇ?” ಎಂದು ಕೇಳುತ್ತಾರೆ.